ಡಂಗೂರನ ಡ್ಯೂಟಿ

ಡಂಗೂರನ ಬಾಯಲ್ಲಿ ಪ್ಯಾಂಟಿನ ಅಂಚು ಇತ್ತು. ಪ್ಯಾಂಟಿನ ಒಳಗೆ ಓನರ್ ತಾತ ಇದ್ದರು. ಕೆಳಗಿನ ಮನೆಯಿಂದ ನೀರಿನ ಟ್ಯಾಂಕ್ ನೋಡಲು ಬಂದವರು ಅವರು. ಯಾರನ್ನು ಎಳೆಯಬೇಕೆಂದು ತಿಳಿಯದೆ ಗುಬ್ಬಿ ಇಬ್ಬರನ್ನೂ ಎಳೆಯುತ್ತಿದ್ದಳು.

ಅಂತೂ ಪ್ಯಾಂಟು ಬಿಡಿಸಿಕೊಂಡು ತಾತ ಹೇಳಿದರು, "ಭಾನುವಾರ ಬರ್ತೀನಿ. ಅಷ್ಟರಲ್ಲಿ ಇದು ಸುಮ್ಮನಾಗ್ಬೇಕು. ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಳ್ಳಿ. ಈ ನಾಯಿಗೆ."

ಗುಬ್ಬಿ ಡಂಗೂರನನ್ನು ತಬ್ಬಿಕೊಂಡಳು. ತಾತ ಒಮ್ಮೆ ಹೇಳಿದರೆ ಮುಗಿಯಿತು.

ಡಂಗೂರನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಸೈಕಲ್ ಹೋದರೆ ಬೊಗಳುತ್ತಿದ್ದ. ಕುಕ್ಕರ್ ಕೂಗಿದರೆ ಬೊಗಳುತ್ತಿದ್ದ. ಯಾರೂ ಏನೂ ಮಾಡದಿದ್ದರೆ, ಯಾಕೆ ಮಾಡುತ್ತಿಲ್ಲ ಎಂದು ಬೊಗಳುತ್ತಿದ್ದ. ಸಾಲದ್ದಕ್ಕೆ ಕಂಡವರ ಕಾಲಿಗೆ ಹಲ್ಲು ತಾಗಿಸುತ್ತಿದ್ದ. ಗುಬ್ಬಿ ಕಿಟಾರನೆ ಕಿರುಚಿ ಓಡಿದರೆ, ಬಾಲ ಅಲ್ಲಾಡಿಸುತ್ತ ಅವಳ ಹಿಂದೆಯೇ ಓಡುತ್ತಿದ್ದ.

ಸಂಜೆ ಅಮ್ಮ ಇಬ್ಬರನ್ನೂ ನಾಯಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಬೊಗಳಿದಾಗ ಏನು ಮಾಡುತ್ತೀರಿ ಎಂದು ಡಾಕ್ಟರ್ ಆಂಟಿ ಕೇಳಿದರು. ಬಾಯಿ ಮುಚ್ಚಲಿ ಎಂದು ಬಿಸ್ಕೆಟ್ ಕೊಡುತ್ತೇನೆ ಎಂದಳು ಗುಬ್ಬಿ, ಬಹಳ ಜಾಣತನದಿಂದ.

"ಅಯ್ಯೋ ಪುಟ್ಟಾ, ಬೊಗಳಿದ್ರೆ ಸಂಬಳ ಅಂತ ನೀನೇ ಕಲ್ಸಿದೀಯಲ್ಲ. ಪಾಪ, ಅವನು ಡ್ಯೂಟಿ ಮಾಡ್ತಿದಾನೆ."

ಮದ್ದು ಸುಲಭವಾಗಿತ್ತು. ಅವನು ಬೊಗಳಲಿ, ಕಚ್ಚಲು ಬರಲಿ, ಯಾರೂ ಕಿರುಚಬಾರದು, ಓಡಬಾರದು, ಅವನ ಮುಖ ನೋಡಬಾರದು. ಕಂಬದ ಹಾಗೆ ನಿಂತುಬಿಡಬೇಕು. ಸುಮ್ಮನಾದ ಮೇಲೇ ಬಿಸ್ಕೆಟ್.

ಮನೆ ತುಂಬ ಕಂಬಗಳಾದವು. ಅಪ್ಪ ಅರ್ಧ ಗಡ್ಡ ಬೋಳಿಸಿಕೊಂಡು ಕಂಬವಾದ. ಅಜ್ಜಿ ಪೊರಕೆ ಹಿಡಿದುಕೊಂಡೇ ಕಂಬವಾದಳು. ಅಮ್ಮನೂ ಕಂಬವಾದಳು, ಒಲೆಯ ಮೇಲಿನ ಹಾಲು ಮಾತ್ರ ಆಗಲಿಲ್ಲ, ಉಕ್ಕಿ ಹರಿಯಿತು. ಮೊದಮೊದಲು ಡಂಗೂರ, ಸಂಬಳ ನಿಂತ ಕೆಲಸದವನಂತೆ, ಇನ್ನೂ ಜೋರು ಗಲಾಟೆ ಮಾಡಿದ. ಬರಬರುತ್ತ ಅವನಿಗೇ ಬೇಜಾರಾಯಿತು.

ಭಾನುವಾರ ತಾತ ಬಂದರು. ಡಂಗೂರ ಎರಡು ಸಲ ಬೊಗಳಿ, ಅವರ ಕಾಲಿನತ್ತ ಮೂತಿ ಚಾಚಿದ. ಮನೆಯವರೆಲ್ಲ ಕಂಬ. ವಿಚಿತ್ರವೆಂದರೆ, ಬಾಗಿಲಲ್ಲಿ ತಾತನೂ ಕಂಬ. ಯಾರೂ ಆಟಕ್ಕೆ ಬರುವುದಿಲ್ಲವೆಂದು ಕಂಡು ಡಂಗೂರ ನಿಟ್ಟುಸಿರು ಬಿಟ್ಟು ಕುಳಿತ. ಗುಬ್ಬಿ ಬಿಸ್ಕೆಟ್ ಕೊಟ್ಟಳು.

"ನಿಮಗ್ಯಾರು ಹೇಳ್ಕೊಟ್ರು? ನಮಗಿಂತ ಚೆನ್ನಾಗಿ ನಿಂತ್ರಲ್ಲ," ಎಂದು ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ತಾತ ನಗಲಿಲ್ಲ. ನಾಯಿ ಇರಲಿ ಬಿಡಿ ಎಂದರು. ಆದರೆ ಹೊರಡಲೂ ಇಲ್ಲ. ಅವರ ಕಣ್ಣು ಡಂಗೂರನ ಹಲ್ಲಿನ ಮೇಲೇ ಇತ್ತು. ಅವನು ಬಾಲ ಅಲ್ಲಾಡಿಸಿದರೂ ತಾತ ಬಾಗಿಲ ಚೌಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಗುಬ್ಬಿ ನೋಡಿದಳು. ಹೊರಗೆ ಬಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

"ತಾತ, ಕೆಳಗಿನ ತನಕ ನಾನೂ ಬರ್ತೀನಿ."

ತಾತ ಮೆಟ್ಟಿಲಿಳಿಯುವಾಗ ಅವಳ ಕೈ ಹಿಡಿದುಕೊಂಡರು.

ಅವಳು ವಾಪಸು ಬಂದಾಗಲೂ ಅಜ್ಜಿ ನಗುತ್ತಲೇ ಇದ್ದಳು. ತಾತ ಅಷ್ಟು ಚೆನ್ನಾಗಿ ನಿಂತದ್ದು ಹೇಗೆಂದು ಗುಬ್ಬಿ ಯಾರಿಗೂ ಹೇಳಲಿಲ್ಲ.