ಒಣಗದ ನಿಲುವಂಗಿ

ಟಪ್... ಟಪ್...

ಮುಸ್ಸಂಜೆ ನಾಟಕದ ಕೊಟ್ಟಿಗೆಯ ಬಾಗಿಲು ತೆರೆದ ಇಂದ್ರಾಣಿಯ ಕಾಲು ಹೊಸಿಲಲ್ಲೇ ನಿಂತಿತು. ಹಗ್ಗದ ಮೇಲಿದ್ದ ನೀರರಸನ ಹಸಿರು ನಿಲುವಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವಳು ಕೈಯಲ್ಲಿದ್ದ ನೀರಿನ ಚೊಂಬನ್ನು ನೋಡಿಕೊಂಡಳು.

'ಈಗಿನ್ನೂ ನಾನು ನೀರೇ ಹಾಕಿಲ್ವಲ್ಲಾ...!'

ಅಷ್ಟರಲ್ಲಿ ಪರದೆಯ ಹಿಂದೆ ಯಾರೋ ಗುನುಗಿದರು. ನೀರರಸನ ಹಾಡು! ಅಚ್ಚು ಕಲ್ಲಯ್ಯನ ಧಾಟಿ!

ಕಲ್ಲಯ್ಯ ಸತ್ತು ತಿಂಗಳಾಗಿತ್ತು.

ಹೊಳೆಯ ತಳದ ಅರಸ ಬಟ್ಟೆ ಒಗೆಯುವ ಹುಡುಗಿಗೆ ಮನಸೋಲುವ ಕಥೆ ಊರ ತಂಡದ ಆ ನಾಟಕದ್ದು. ಮಾತಿಗಿಂತ ಹಾಡೇ ಹೆಚ್ಚು. ಹೆಮ್ಮಿಗೆ ಊರಲ್ಲಿ ರಾಜನ ಪಾರ್ಟೆಂದರೆ ಕಲ್ಲಯ್ಯನೇ. ಈ ತಂಡದಲ್ಲೊಂದು ಪದ್ಧತಿಯಿದೆ. ರಾಜಪಾರ್ಟಿನವನು ತೀರಿಕೊಂಡರೆ ಅವನ ನಿಲುವಂಗಿಯನ್ನು ಹೊಳೆಯಲ್ಲಿ ಅದ್ದಿ ಹಗ್ಗಕ್ಕೆ ಹಾಕಬೇಕು. ಒಣಗುವ ತನಕ ಇನ್ನೊಬ್ಬ ತೊಡುವಂತಿಲ್ಲ. ಒಣಗಿದರೆ ಸತ್ತವನು ಪಾರ್ಟು ಬಿಟ್ಟುಕೊಟ್ಟ ಎಂದರ್ಥ.

ಅದು ಒಣಗಲೇ ಇಲ್ಲ. ಊರು ಕೊಟ್ಟಿಗೆ ಕಡೆ ಬರಲು ಹೆದರಿತು.

ದಿನವೂ ಅದಕ್ಕೆ ನೀರು ಹಾಕುತ್ತಿದ್ದವಳು ಇಂದ್ರಾಣಿ! ಯಾಕೆಂದರೆ, ಒಣಗಿದ ದಿನ ಅದನ್ನು ತೊಡುವವನು ಮಾದೇಶ.

ಸ್ವರ ಬೇಡ, ತಾಳ ಬೇಡ. ಅಪ್ಪ ಶಾಮಿಯಾನ, ಮೈಕು ಕೊಟ್ಟರೆ ಮಗ ರಾಜ! ಥೂ! ಕಲ್ಲಯ್ಯನ ಹಿಂದೆಯೇ ಕೂತು ಒಂದೊಂದು ಹಾಡೂ ಕಲಿತ ಪ್ರೇಮ್‌ಕುಮಾರ್ ಮಾತ್ರ ಪರದೆ ಎಳೆಯಬೇಕು. ಅವನ ಮನೆ ಊರಾಚೆ ಬೀದಿಯಲ್ಲಿದೆ, ಅಷ್ಟೇ. ಬಟ್ಟೆ ಒಗೆಯುವ ಹುಡುಗಿಯ ಪಾರ್ಟಿಗೆ ಅದೇ ಬೀದಿಯ ಇಂದ್ರಾಣಿಯ ದನಿ ಬೇಕು. ಆದರೆ ಅದೇ ಬೀದಿಯ ಹುಡುಗ ರಾಜನಾಗಬಾರದು!

ವೇಷದ ಬಟ್ಟೆ ಹೊಲಿಯುತ್ತಾ ಇಂದ್ರಾಣಿ ಮನಸ್ಸಿನಲ್ಲೇ ತನ್ನ ನಾಟಕ ಕಟ್ಟಿಕೊಳ್ಳುತ್ತಿದ್ದಳು. ಬಾಯಿಬಡುಕಿ ದೇವೀರಮ್ಮನಿಗೆ ಮೊಸಳೆ ಅಜ್ಜಿ. ಹಾರ್ಮೋನಿಯಂ ಶಿವಸ್ವಾಮಿ ಮೇಷ್ಟ್ರಿಗೆ ಮಂತ್ರಿ. ಮಾದೇಶನಿಗೆ ಕಪ್ಪೆ... ವಟಗುಟ್ಟಿದರೆ ಸಾಕು! ನೀರರಸ ಮಾತ್ರ ಪ್ರೇಮನೇ.

ಆದರೆ ಕಲ್ಲಯ್ಯ ಸತ್ತ ಮೇಲೆ ಪಾರ್ಟು ಹಂಚುವ ದಿನ "ರಾಜ ಯಾರಾಗ್ಬೇಕವ್ವ?" ಎಂದು ಮೇಷ್ಟ್ರು ಕೇಳಿದಾಗ ಅವಳು ಆಸೆಯಿಂದ ಪ್ರೇಮನತ್ತ ನೋಡಿದ್ದಳು. ಅವನು ತಲೆ ತಗ್ಗಿಸಿ ಎದ್ದು ಹೋಗಿದ್ದ. ಪಾರ್ಟು ಮಾದೇಶನ ಪಾಲಾಗಿತ್ತು.

'ನನ್ ಜೊತೆ ಹಾಡೋದೂ ಬ್ಯಾಡ ಅವ್ನಿಗೆ...'

ಈಗ ಅವಳು ಅಳುತ್ತಾ ಮೊಣಕಾಲೂರಿದಳು.

"ಕಲ್ಲಯ್ಯಣ್ಣಾ, ತೆಪ್ಪಾಯ್ತು! ನಾನೇ ನೀರಾಕ್ತಿದ್ದೆ... ಮಾದೇಶಂಗೆ ಮಾತ್ರ ಬುಟ್ಕೊಡ್ಬ್ಯಾಡ. ಪ್ರೇಮಂಗೆ ಕೊಡು. ಅವ್ನಿಗೆ ನಾನಂದ್ರೆ ಆಗ್ದೇ ಇದ್ರೂ ಸರಿ... ನಂಗೆ ಅವ್ನೇ ರಾಜ."

ಪರದೆ ಸರಿಯಿತು.

ಪ್ರೇಮ್‌ಕುಮಾರ್! ಕೈಯಲ್ಲಿ ನೀರಿನ ಬಾಟ್ಲಿ!

"ನೀನೂ ನೀರಾಕ್ತಿದ್ಯಾ?!" ಇಬ್ಬರ ಬಾಯಲ್ಲೂ ಒಂದೇ ಮಾತು.

"ಮತ್ತೆ? ಆ ಕಪ್ಪೆ ನಿನ್ ಕೈ ಇಡ್ಕಂಡು ಕುಣಿಯೋದ ನಾನು ಪರದೆ ಇಡ್ಕಂಡು ನೋಡ್ಬೇಕಾ?"

ಕಪ್ಪೆ! ಅಳುತ್ತಿದ್ದವಳು ನಕ್ಕೇಬಿಟ್ಟಳು.

"ಅಂಗಾದ್ರೆ ಅವತ್ಯಾಕೆ ಎದ್ದೋದೆ?"

"ನೀ ಮಾದೇಶನ್ನೇ ನೋಡ್ತಿದ್ದೆ."

"ಅವ್ನು ನಿನ್ ಹಿಂದ್ಗಡೆ ನಿಂತಿದ್ದ ಕಣೋ, ಪೆದ್ದ! ನಾ ನೋಡಿದ್ದು ನಿನ್ನ!"

ಪ್ರೇಮನ ಕಣ್ಣು ತುಂಬಿತು. ಅದನ್ನು ಮರೆಸಲು ಅವಳು ರೇಗಿಸಿದಳು.

"ಇವತ್ತೇನು, ಹೊಳೆನೇ ಸುರ್ದಿದ್ದೀಯ?"

"ನಾನಿನ್ನೂ ಮುಚ್ಚಳನೇ ತೆಗ್ದಿಲ್ಲ ಇಂದ್ರಾಣಿ..."

ಬಾಟ್ಲಿ ತುಂಬಿತ್ತು. ಚೊಂಬೂ ತುಂಬಿತ್ತು.

ಟಪ್... ಟಪ್...

ಕೊಟ್ಟಿಗೆಯಲ್ಲಿ ಹೊಳೆ ತಳದ ಕೆಸರಿನ ವಾಸನೆ ಎದ್ದಿತು. ಗಾಳಿಯಿಲ್ಲದೆಯೇ ನಿಲುವಂಗಿಯ ಒಂದು ತೋಳು ಮೆಲ್ಲಗೆ ಪ್ರೇಮನತ್ತ ಎದ್ದು ನಿಂತಿತು.

"ಆಕ್ಕೋ," ಎಂದಳು ಇಂದ್ರಾಣಿ ಉಸಿರಲ್ಲಿ.

"ಊರೋರು ಬಡೀತಾರೆ."

"ಇಬ್ರುಗೂ ಬಡೀಲಿ!"

ಅವನು ತೋಳು ತೂರಿಸಿದ. ಅವಳು ಬೆನ್ನಿನ ಲಾಡಿ ಕಟ್ಟಿದಳು. ಅವಳ ಅಂಗೈ ಕೆಳಗೇ ತಣ್ಣನೆ ಬಟ್ಟೆ ಬೆಚ್ಚಗಾಯಿತು... ಒಣಗಿತು!

"ಲೇ! ಬಿಚ್ಚಲಾ ಅಂಗಿಯ!"

ಬಾಗಿಲಲ್ಲಿ, ಅಂಗಿ ಒಣಗಿತೇ ಎಂದು ನೋಡಲು ಬಂದ ಮಾದೇಶ, ಅವನ ಹಿಂದೆ ಶಿವಸ್ವಾಮಿ ಮೇಷ್ಟ್ರು. ಮಾದೇಶ ನುಗ್ಗಿ ಪ್ರೇಮನ ಎದೆಗೆ ಕೈ ಹಾಕಿದ. ಹಾಕಿದ ಕೈ ಹಿಂದಕ್ಕೆಳೆದಾಗ ಮೊಣಕೈತನಕ ನೀರು ಸುರಿಯುತ್ತಿತ್ತು! ಅವನು ಚಪ್ಪಲಿ ಬಿಟ್ಟು ಓಡಿದ.

ಮೇಷ್ಟ್ರು ಹೆದರುತ್ತಲೇ ನಿಲುವಂಗಿಯ ಅಂಚು ಮುಟ್ಟಿ ನೋಡಿದರು. ಎಲ್ಲೂ ಪಸೆಯಿರಲಿಲ್ಲ.

"ಒಣಗ್ಬುಟ್ಟದೆ ಕಣಪ್ಪ," ಎಂದರು ಕೈಮುಗಿದು. "ಕಲ್ಲಯ್ಯ ಬುಟ್ಕೊಟ್ಟವ್ನೆ. ಇನ್ ಯಾರಪ್ಪನ ಶಾಮಿಯಾನ ಕಟ್ಕಂಡು ನಂಗೇನು! ನೀನೇ ರಾಜ."

ಮೇಷ್ಟ್ರು ಹಾರ್ಮೋನಿಯಂ ತರಲು ಹೋದರು. ಕತ್ತಲಾಗುತ್ತಿದ್ದ ಕೊಟ್ಟಿಗೆಯಲ್ಲಿ ಇಬ್ಬರೇ ಉಳಿದರು.

"ನೀರರಸ ಹುಡ್ಗಿನ ಹೊಳೆ ತಳಕ್ಕೆ ಕರ್ಕಂಡೋಗ್ತಾನೆ. ಭಯ ಇಲ್ವಾ?"

"ಅದು ನಾಟ್ಕ. ನಾಟ್ಕ ಮುಗುದ್ಮೇಲೆ ನೀ ಎಲ್ಲಿಗ್ ಕರ್ಕಂಡೋಗ್ತೀಯ, ಅದ ಹೇಳು."

"ಮನೆಗೆ... ನಮ್ಮನೆಗೆ. ಬತ್ತೀಯಾ?"

ಅವಳು ಬಾಯಿ ತೆರೆಯುವ ಮೊದಲೇ ಪರದೆಯ ಹಿಂದೆ ಹಾಡು ಕೇಳಿತು. ಕಲ್ಲಯ್ಯನ ಧಾಟಿ. ಪ್ರೇಮನ ತುಟಿ ಮುಚ್ಚಿತ್ತು.

ಇಂದ್ರಾಣಿ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬತ್ತೀನಿ... ಈಗ ನೀ ಹಾಡು. ಅಣ್ಣ ಸುತಿ ಕೊಡ್ತಾವ್ರೆ."