ಸ್ಟಾಕಿಲ್ಲದ ಗೋದಾಮು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾರ್ ಶೋರೂಮಿನ ಮಾಲೀಕ ಠಾಣೆಗೆ ಬಂದು, ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತ. ಊರ ಹೊರಗಿನ ತನ್ನ ಗೋದಾಮಿನಿಂದ ಹೊಸ ಬಿಳಿ ಕಾರೊಂದು ಕಳುವಾಗಿದೆ, ಸೋಮವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಎಂಬುದು ದೂರು.

ಹೆಡ್ ಕಾನ್‌ಸ್ಟೇಬಲ್ ತಲೆ ಎತ್ತಿದ. ಅವನ ಭಾವಮೈದ ಅದೇ ಶೋರೂಮಿನಲ್ಲಿ ಕಾರು ಬುಕ್ ಮಾಡಿ ವರ್ಷವಾಗಿತ್ತು. ಹೋದಾಗಲೆಲ್ಲ ಫ್ಯಾಕ್ಟರಿಯಿಂದ ಗಾಡಿಯೇ ಬಂದಿಲ್ಲ ಎಂಬ ಉತ್ತರ.

“ಸ್ಟಾಕೇ ಇಲ್ಲ ಅಂತಿದ್ರಲ್ಲ ಸಾರ್. ಇಲ್ಲದ ಕಾರು ಕಳುವಾಗಿದ್ದು ಹೇಗೆ?”

ಮಾಲೀಕ ಕೇಳಿಸದವನಂತೆ ಮೊಬೈಲ್ ನೋಡಿದ. ಮೇಲಿಂದ ಫೋನ್ ಬಂದಿತ್ತು. ಅರ್ಧ ಗಂಟೆಯಲ್ಲಿ ಎಫ್‌ಐಆರ್ ತಯಾರಾಯಿತು. ಇದೇ ಶೋರೂಮಿನ ಮೇಲೆ ಜನ ದೂರು ತಂದದ್ದೂ ಉಂಟು. ಬೇಡದ ಸೀಟ್ ಕವರು, ಮ್ಯಾಟು, ಸೆಂಟು ಎಲ್ಲ ಸೇರಿಸಿ ಬೆಲೆ ಏರಿಸುತ್ತಾರೆ, ಬೆಲೆಯ ಮೇಲೆ ಹೆಚ್ಚಿಗೆ ಕೊಟ್ಟವರಿಗೆ ಮೊದಲು ಗಾಡಿ ಕೊಡುತ್ತಾರೆ ಎಂದು. ಅವರಿಗೆಲ್ಲ ಠಾಣೆಯಿಂದ ಸಿಕ್ಕಿದ್ದು ‘ಸಿವಿಲ್ ಸ್ವರೂಪದ್ದು, ಕೋರ್ಟಿಗೆ ಹೋಗಿ’ ಎಂಬ ಒಂದು ಸಾಲಿನ ಹಿಂಬರಹ. ಹಣವಿದ್ದವನ ಕಾರಿಗೆ ಕಾನೂನು ಓಡುತ್ತದೆ, ಇಲ್ಲದವನ ಕಾರಿಗೆ ಕುಂಟುತ್ತದೆ.

ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಮೇಡಂ, ಠಾಣೆಯ ಬರವಣಿಗೆ ನೋಡುವ ರೈಟರ್‌ನೊಂದಿಗೆ ಗೋದಾಮು ತಲುಪಿದರು. ತಗಡಿನ ಗೋಡೆ, ತಗಡಿನ ಗೇಟು, ಬೋರ್ಡಿಲ್ಲ. ಒಳಗೆ ಬೂದುಬಣ್ಣದ ಹೊದಿಕೆ ಹೊದ್ದು ಸಾಲುಸಾಲಾಗಿ ಹೊಸ ಕಾರುಗಳು. ಪಂಚನಾಮೆಗೆ ಸಾಕ್ಷಿಯಾಗಿ ಕರೆತಂದಿದ್ದ ಎದುರಿನ ಪಂಕ್ಚರ್ ಅಂಗಡಿಯವನು ಬಾಯಿ ತೆರೆದು ನಿಂತ.

“ಇವನ್ನೇನು ಮಾರ್ತಾರಾ ಮೇಡಂ, ಇಲ್ಲ ಉಪ್ಪಿನಕಾಯಿ ಹಾಕ್ತಾರಾ?”

ಕಳುವಾದ ಜಾಗವೊಂದನ್ನು ಬರೆದುಕೊಂಡರೆ ಸಾಕಲ್ಲ ಎಂದು ಮಾಲೀಕ ಮೆಲ್ಲಗೆ ಹೇಳಿದ.

“ಪಂಚನಾಮೆ ಅಂದ್ರೆ ಇರೋದನ್ನ ಇರೋ ಹಾಗೆ ಬರೆಯೋದು,” ಎಂದರು ಮೇಡಂ. “ರೈಟರ್, ಹೊದಿಕೆ ತೆಗೆಸಿ ಒಂದೊಂದನ್ನೂ ಬರ್ಕೋ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲ ಅಂದುಕೊಂಡಿತ್ತು. ಈಗ ಅದರ ಮೀಸೆಯ ಹಾಲನ್ನೆಲ್ಲ ರೈಟರ್ ಬರೆದುಕೊಳ್ಳುತ್ತಿದ್ದ.

ಕಳ್ಳ ಒಳಬಂದ ದಾರಿ ಸುಲಭವಾಗಿ ಸಿಕ್ಕಿತು. ಹಿಂದಿನ ಗೋಡೆಯ ತಗಡೊಂದು ಸಡಿಲವಾಗಿತ್ತು. ಕಾರುಗಳನ್ನು ಆಗಾಗ ಸರಿಸಬೇಕಾದ್ದರಿಂದ ಕೀಲಿ ಅವುಗಳಲ್ಲೇ ಇರುತ್ತಿತ್ತು. ಕಳ್ಳ ಹೊರಹೋದದ್ದು ಮಾತ್ರ ಮುಂದಿನ ಗೇಟಿನಿಂದ, ಹಗಲು ಹೊತ್ತಿನಲ್ಲಿ. ಗೇಟು ತೆಗೆದವನು ಕಾವಲುಗಾರನೇ. ಯಾಕೆ ತೆಗೆದೆ ಎಂದರೆ ತಲೆ ತಗ್ಗಿಸಿದ.

“ಇಂಡಿಕೇಟರ್ ಹಾಕ್ಕೊಂಡು ನಿಧಾನಕ್ಕೆ ಬಂದ್ರು ಮೇಡಂ. ನಮ್ ಡ್ರೈವರ್‌ಗಳಿಗೆ ಅಷ್ಟು ಮರ್ಯಾದೆ ಎಲ್ಲಿದೆ? ಯಾರೋ ದೊಡ್ಡೋರು ಅಂದ್ಕೊಂಡೆ.”

ಸಿಸಿಟಿವಿಯಲ್ಲಿ ಟೋಪಿ, ಮಾಸ್ಕ್ ಹಾಕಿದ ಆಸಾಮಿ. ಇದು ಪಳಗಿದ ಗ್ಯಾಂಗಿನ ಕೆಲಸ ಎಂದು ಮಾಲೀಕ ತೀರ್ಪು ಕೊಟ್ಟ. ಮೇಡಂ ಮತ್ತೆ ಮತ್ತೆ ಅದೇ ತುಣುಕು ನೋಡಿದರು. ಆ ಮನುಷ್ಯ ಕಾರಿಗೆ ಒಂದು ಸುತ್ತು ಬಂದು ಟೈರು ನೋಡಿದ. ಕೂತು ಸೀಟು ಸರಿಮಾಡಿಕೊಂಡ, ಕನ್ನಡಿ ತಿರುಗಿಸಿದ, ಬೆಲ್ಟ್ ಹಾಕಿದ. ನರಪಿಳ್ಳೆ ಇಲ್ಲದ ಗೋದಾಮಿನಲ್ಲಿ ಇಂಡಿಕೇಟರ್ ಹಾಕಿ, ಕತ್ತು ತಿರುಗಿಸಿ ಹಿಂದೆ ನೋಡಿ, ಆಮೇಲೆ ಹೊರಟ.

‘ಕನ್ನಡಿ ನಂಬಬೇಡ ಮಗೂ, ಕತ್ತು ತಿರುಗಿಸು.’ ಇಪ್ಪತ್ತು ವರ್ಷದ ಹಿಂದೆ ಮೇಡಂಗೆ ಕಾರು ಕಲಿಸಿದವರ ಮಾತು ಅದು. ಅವರು ತುಣುಕು ನಿಲ್ಲಿಸಿ ಮಾಲೀಕನ ಕಡೆ ತಿರುಗಿದರು.

“ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ನಿಮ್ಮಲ್ಲಿ ಕಾರ್ ಬುಕ್ ಮಾಡಿದ್ರಾ?”

ಮಾಲೀಕ ತಡವರಿಸಿದ. ಮಾಡಿದ್ದರು. ಎಂಟು ತಿಂಗಳ ಹಿಂದೆ ಹಳೇ ಕಾರನ್ನು ಎಕ್ಸ್‌ಚೇಂಜಿಗೆ ಬಿಟ್ಟು, ಉಳಿದದ್ದನ್ನು ಪೂರ್ತಿ ಕಟ್ಟಿದ್ದರು. ಹಳೆಯದನ್ನು ಶೋರೂಮಿನವರು ಅದೇ ವಾರ ಮಾರಿ ಲಾಭ ಮಾಡಿಕೊಂಡರು. ಹೊಸದು ಬಂದಾಗ ಇನ್ಯಾರೋ ಹೆಚ್ಚಿಗೆ ಕೊಡುತ್ತೇನೆ ಅಂದರು. ಕಳುವಾದದ್ದು ಅದೇ ಬಿಳಿ ಕಾರು.

“ಅದು ಬಿಸಿನೆಸ್ ಮೇಡಂ. ಡಿಮ್ಯಾಂಡ್ ಇದ್ದ ಕಡೆ ರೇಟು.”

ಮೇಡಂಗೆ ಸಿಟ್ಟು ನೆತ್ತಿಗೇರಿತು. ಆದರೆ ಬಂಧಿಸಬೇಕಾದವನು ಎದುರಿಗಿದ್ದವನಲ್ಲ.

ಬುಧವಾರ ಬೆಳಿಗ್ಗೆ ಎಂಟಕ್ಕೆ, ಮನೆಗಳೇಳದ ಹೊಸ ಬಡಾವಣೆಯ ಖಾಲಿ ರಸ್ತೆಯಲ್ಲಿ ಬಿಳಿ ಕಾರು ಸಿಕ್ಕಿತು. ಹಿಂದೆ ಕೆಂಪು ‘ಎಲ್’ ಬೋರ್ಡು ಕಟ್ಟಿತ್ತು. ಸ್ಟೇರಿಂಗ್ ಹಿಡಿದವಳು ಮಧ್ಯವಯಸ್ಸಿನ ಒಬ್ಬ ಗೃಹಿಣಿ, ಪಕ್ಕದಲ್ಲಿ ಮೇಷ್ಟ್ರು. ಕದ್ದ ಕಾರಿನಲ್ಲಿ ಆ ಪುಣ್ಯಾತ್ಮ ಪಾಠ ಮಾಡುತ್ತಿದ್ದರು.

ಜೀಪ್ ಅಡ್ಡ ಬಂದದ್ದು ಕಂಡು ಆಕೆ ಹಾರ್ನ್ ಒತ್ತಿಬಿಟ್ಟಳು.

“ಗಾಬರಿ ಬೇಡಮ್ಮ,” ಎಂದರು ಮೇಷ್ಟ್ರು. “ಇಂಡಿಕೇಟರ್ ಹಾಕು. ಬ್ರೇಕ್ ಮೆತ್ತಗೆ ಒತ್ತು. ಹಾಂ, ಹ್ಯಾಂಡ್‌ಬ್ರೇಕ್ ಎಳಿ. ಇವತ್ತು ಚೆನ್ನಾಗಿ ನಿಲ್ಲಿಸಿದೆ.”

ಆಮೇಲೆ ಇಳಿದು ಬಂದು ಎರಡೂ ಕೈ ಮುಂದೆ ಚಾಚಿದರು. ಮೇಡಂ ಬೇಡಿ ಹಾಕಲಿಲ್ಲ. ವಶಪಡಿಸಿಕೊಂಡ ಕಾರನ್ನು ಜೀಪಿನ ಚಾಲಕ ತರಬೇಕಿತ್ತು, ಹಾಗಾಗಿ ಜೀಪನ್ನು ಮೇಡಂ ತಾವೇ ಓಡಿಸಿದರು. ಹೆಡ್ ಕಾನ್‌ಸ್ಟೇಬಲ್ ಹಿಂದೆ ಕೂತ, ಮೇಷ್ಟ್ರು ಮುಂದೆ.

ದಾರಿಯಲ್ಲಿ ಮೇಷ್ಟ್ರು ತಾವಾಗಿಯೇ ಹೇಳಿದರು. ಕಾರಿಲ್ಲದ ಡ್ರೈವಿಂಗ್ ಸ್ಕೂಲು, ನೀರಿಲ್ಲದ ಈಜುಕೊಳ ಎಂದು ಜನ ನಗುತ್ತಿದ್ದರಂತೆ. ಕಲಿಯಲು ಬಂದವರು ಫೀಸು ವಾಪಸ್ ಕೇಳುವ ಭಯಕ್ಕೆ ಹೆಂಡತಿ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು. ಸ್ನೇಹಿತನ ಕಾರು ಬೇಡಿ ತಂದು ಆ ಗೋದಾಮಿನ ಮುಂದೆ ರಿವರ್ಸ್ ಹೇಳಿಕೊಡುವಾಗ ಒಂದು ದಿನ ಗೇಟು ತೆರೆದಿತ್ತು. ಬಿಳಿ ಕಾರಿನ ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಅವರ ಹೆಸರು ಹೊಡೆದುಹಾಕಿ ಬೇರೆ ಹೆಸರು ಬರೆದಿತ್ತು.

“ನನ್ನ ಹೊಟ್ಟೆಗೆ ಬೆಂಕಿ ಬಿತ್ತಮ್ಮ,” ಎಂದರು.

“ಹಾಗಂತ ಕದಿಯೋದಾ ಮೇಷ್ಟ್ರೇ? ನಮ್ಮ ಹತ್ರ ಬರಬಹುದಿತ್ತಲ್ಲ.”

“ಬಂದಿದ್ದೆ. ಎರಡು ಸಲ. ಸಿವಿಲ್ ಸ್ವರೂಪದ್ದು ಅಂತ ಹಿಂಬರಹ ಕೊಟ್ರು. ಕೆಳಗೆ ನಿನ್ನ ಸಹಿ ಇತ್ತು.”

ಮೇಡಂಗೆ ನೆನಪಿರಲಿಲ್ಲ. ಓದದೆ ಸಹಿ ಹಾಕಿದ ಕಾಗದ ಯಾರಿಗೆ ನೆನಪಿರುತ್ತದೆ? ಮುಂದೆ ತಿರುವು ಬಂತು. ಅವರು ಇಂಡಿಕೇಟರ್ ಹಾಕುವುದನ್ನು ಮರೆತರು. ಮೇಷ್ಟ್ರ ಬಲಗಾಲು ತಮ್ಮ ಕಡೆ ಇಲ್ಲದ ಬ್ರೇಕನ್ನು ಒತ್ತಿತು.

ಮಧ್ಯಾಹ್ನದೊಳಗೆ ಬಂಧನದ ಕಾಗದಗಳು ಮುಗಿದವು. ಕಳ್ಳತನ ಕಳ್ಳತನವೇ, ಅದರಲ್ಲಿ ಮೇಡಂ ಒಂದಕ್ಷರವನ್ನೂ ಬಿಡಲಿಲ್ಲ. ಆಮೇಲೆ ರೈಟರ್‌ನನ್ನು ಮತ್ತೆ ಕರೆದು ಇನ್ನೊಂದು ಎಫ್‌ಐಆರ್ ಬರೆಸಿದರು. ಆರೋಪಿ ಶೋರೂಮ್ ಮಾಲೀಕ, ಆರೋಪ ವಂಚನೆ, ಆಧಾರ ಮಂಗಳವಾರದ ಪಂಚನಾಮೆ. ಮೇಲಿಂದ ಫೋನ್ ಬಂತು. ಎತ್ತಬೇಡ ಎಂದರು ಮೇಡಂ.

ಫಿರ್ಯಾದಿಯ ಜಾಗದಲ್ಲಿ ಮೇಷ್ಟ್ರ ಹೆಸರು ಬರೆದು, ವಿಳಾಸದ ಮುಂದೆ ರೈಟರ್ ಪೆನ್ನು ನಿಲ್ಲಿಸಿ ಲಾಕಪ್ಪಿನ ಕಡೆ ನೋಡಿದ.

“ಏನಂತ ಬರೀಲಿ ಮೇಡಂ?”

“ಇರೋದನ್ನ ಇರೋ ಹಾಗೆ ಬರಿ.”