ಸೊಟ್ಟಿಗೊಂದು ಗನ್

ಒಬ್ಬ ರಾಜನಿದ್ದನಂತೆ. ಇದ್ದ ಅನ್ನುವಷ್ಟರಲ್ಲಿ ಸತ್ತೂ ಹೋದನಂತೆ. ಸಾಯುವ ಮೊದಲು ಲಾಯ ನೋಡಿಕೊಳ್ಳುವವನನ್ನು ಕರೆದು, "ನನ್ನ ಮಗಳಿಗೆ ಮೊದಲನೇ ಕುದುರೆ ನೀನೇ ಆರಿಸಿಕೊಡಬೇಕು" ಅಂದನಂತೆ. ಅವನು ಹೂಂ ಅಂದ. ಆದರೆ ರಾಜಕುಮಾರಿ ಬಂದಾಗಲೆಲ್ಲ ಈ ಕುದುರೆಯ ಬಾಲ ಸರಿಯಿಲ್ಲ, ಆ ಕುದುರೆ ಕೆನೆಯುವ ರೀತಿ ಸರಿಯಿಲ್ಲ ಎಂದು ಹೇಳಿ ವಾಪಸ್ ಕಳಿಸುತ್ತಿದ್ದನಂತೆ.

"ಯಾಕಜ್ಜಿ, ಆರಿಸೋಕೆ ಬರ್ತಿರ್ಲಿಲ್ವಾ ಅವನಿಗೆ?" ಎಂದು ನಾನು ಕೇಳುತ್ತಿದ್ದೆ.

ಆ ಹೊತ್ತಿಗೆ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು. ಈ ಕಥೆಯ ಉಳಿದರ್ಧ ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಬಣ್ಣದ ಗುಂಡು ಹೊಡೆದು ಆಡುವ ಪೇಂಟ್‌ಬಾಲ್ ಆಟದ ಒಂದು ಅಂಗಡಿಯಲ್ಲಿ.

ಆಟದ ಮೈದಾನಕ್ಕೆ ಅಂಟಿಕೊಂಡ ಹಳೆಯ ಗೋದಾಮು ಅದು. ಒಳಗೆ ಕಾಲಿಟ್ಟರೆ ರಬ್ಬರಿನ, ಎಣ್ಣೆಯ, ಒದ್ದೆ ಬಟ್ಟೆಯ ವಾಸನೆ. ಗೋಡೆಯ ತುಂಬ ಗನ್ನುಗಳು. ಕೊನೆಯಲ್ಲಿ ಒಂದು ಉದ್ದನೆಯ ಮೇಜು, ಮೇಜಿನ ಹಿಂದೆ ತಲೆ ಬಗ್ಗಿಸಿಕೊಂಡು ಕೂತ ಅವನು. ಎಲ್ಲರೂ ಅವನನ್ನು ಸ್ಪ್ಯಾನರ್ ಎನ್ನುತ್ತಿದ್ದರು. ಆ ಹೆಸರಿಟ್ಟವನು ನನ್ನ ಅಣ್ಣ. ಒಬ್ಬ ಆಡಿ ಕೆಡಿಸುತ್ತಿದ್ದ, ಇನ್ನೊಬ್ಬ ಬಿಚ್ಚಿ ಸರಿಮಾಡುತ್ತಿದ್ದ, ಅಂಥ ಸ್ನೇಹ.

ಹೋದ ವರ್ಷ ಜ್ವರವೆಂದು ಮಲಗಿದ ಅಣ್ಣ ಆಸ್ಪತ್ರೆಯಿಂದ ಮನೆಗೆ ನಡೆದು ಬರಲಿಲ್ಲ. ಅವತ್ತಿನಿಂದ ಸ್ಪ್ಯಾನರ್ ಕೂಡ ಮೈದಾನಕ್ಕೆ ಇಳಿಯಲಿಲ್ಲ.

ಈಗ ಅಣ್ಣನ ತಂಡದವರು ಅವನ ನೆನಪಿಗೆ ಒಂದು ಪಂದ್ಯ ಇಟ್ಟಿದ್ದರು. ಹೇಳಲು ಮನೆಗೆ ಬಂದ ಕ್ಯಾಪ್ಟನ್, "ಅವನ ಜಾಗದಲ್ಲಿ ಯಾರನ್ನ ಆಡಿಸೋದು ಅಂತ ಗೊತ್ತಾಗ್ತಿಲ್ಲ" ಎಂದು ತಲೆ ತಗ್ಗಿಸಿದ. ಅಮ್ಮ ಖಾಲಿ ಗೋಡೆಯನ್ನು ನೋಡುತ್ತಿದ್ದಳು. ಆ ನೋಟ ತಡೆಯಲಾರದೆ ನನ್ನ ಬಾಯಿಂದ "ನಾನು ಆಡ್ತೀನಿ" ಎಂದು ಬಂದುಬಿಟ್ಟಿತು.

ನಾನು! ಬೇಕರಿಯ ಒಳಕೋಣೆಯಲ್ಲಿ ಕೇಕ್ ಮೇಲೆ ಕ್ರೀಮಿನ ಗುಲಾಬಿ ಅರಳಿಸುವವಳು. ಕೇಕ್ ಮೇಲೆ ಹೆಸರು ಬರೆಯುವಾಗ ತಲೆ ತಾನಾಗಿಯೇ ಒಂದು ಕಡೆ ವಾಲುತ್ತದೆಂದು ಅಣ್ಣನಿಂದ ಸೊಟ್ಟಿ ಎಂದು ಕರೆಸಿಕೊಂಡವಳು.

"ಬಣ್ಣ ಬಳಿಯೋಕೆ ಬ್ರಶ್ ಸಾಲ್ದೇನೇ? ಬಂದೂಕು ಬೇರೆ ಬೇಕಾ?" ಎಂದಳು ಅಜ್ಜಿ, ಮೂಲೆಯ ಮಂಚದಿಂದ. ಯಾರೂ ನಗಲಿಲ್ಲ.

"ಮೊದಲ ಸಲ ಕೊಳ್ಳೋರು ಯಾವ ಗನ್ ತಗೋಬೇಕು?" ಎಂದು ಮೊದಲ ದಿನ ಅಂಗಡಿಗೆ ಹೋಗಿ ಸ್ಪ್ಯಾನರ್‌ನನ್ನು ಕೇಳಿದೆ.

"ಮೊದಲು ಮಾಸ್ಕ್." ಅವನು ಮಾತಾಡಿದ್ದು ನನ್ನ ಜೊತೆಯಲ್ಲ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜೊತೆ. "ಗನ್ ಸರಿಯಿಲ್ದಿದ್ರೆ ಸೋಲ್ತೀರಿ, ಅಷ್ಟೇ. ಮಾಸ್ಕ್ ಸರಿಯಿಲ್ದಿದ್ರೆ ಕಣ್ಣು ಹೋಗುತ್ತೆ."

ಅಣ್ಣ ಇದ್ದಾಗ ಇದೇ ಮನುಷ್ಯ, "ಏ ಸೊಟ್ಟಿ, ಕೇಕ್ ತುಂಡು ತಂದಿದೀಯಾ, ಇಲ್ಲಾ ಬರೀ ವಾಸನೆ ಹೊತ್ಕೊಂಡು ಬಂದ್ಯಾ?" ಎಂದು ದಾರಿಗೆ ಅಡ್ಡ ನಿಲ್ಲುತ್ತಿದ್ದ. ನಾನು ಸಿಟ್ಟು ಮಾಡಿಕೊಂಡಂತೆ ಮುಖ ತಿರುಗಿಸಿ, ಮರುದಿನ ಎರಡು ತುಂಡು ಕಟ್ಟಿಸಿಕೊಂಡು ಹೋಗುತ್ತಿದ್ದೆ. ಈಗ ನಾನು 'ನೀವು' ಆಗಿದ್ದೆ. ನನ್ನ ಮುಖವನ್ನಂತೂ ಅವನು ನೋಡುತ್ತಲೇ ಇರಲಿಲ್ಲ.

ಮಾಸ್ಕ್ ಕೊಟ್ಟ. ಗಾಜಿನಲ್ಲಿ ಉಸಿರಿನ ಮಂಜು ಕಟ್ಟುತ್ತದೆಯೋ ಎಂದು ನೋಡಲು ನನಗೆ ಅದನ್ನು ಹಾಕಿಸಿ ಜೋರಾಗಿ ಉಸಿರಾಡಿಸಿದ. ಗನ್ ಮಾತ್ರ ಕೊಡಲಿಲ್ಲ.

ಒಂದು ಗನ್ ಭಾರ ಎಂದ. "ಎರಡು ಆಟ ಮುಗಿಯೋ ಹೊತ್ತಿಗೆ ತೋಳು ಬಿದ್ದುಹೋಗುತ್ತೆ."

ಬ್ಯಾಟರಿಯದ್ದನ್ನು ತೋರಿಸಿದರೆ ತಲೆಯಾಡಿಸಿದ. "ಬೆರಳು ತಾಗಿಸಿದ್ರೆ ಸಾಕು, ಗುಂಡು ಸುರಿಯುತ್ತೆ. ಹೊಸಬರಿಗೆ ಅದರಲ್ಲಿ ಚಟ ಹತ್ತುತ್ತೆ, ಗುರಿ ಹತ್ತಲ್ಲ."

ಮತ್ತೊಂದು ಬಿಚ್ಚಿ ತೊಳೆಯಲು ಕಷ್ಟವಂತೆ. ಮರುವಾರ ನಾನೇ ಒಂದನ್ನು ಗೋಡೆಯಿಂದ ಇಳಿಸಿದೆ. ಅವನು ತುಂಬ ಹೊತ್ತು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ಬಣ್ಣ ಸರಿಯಿಲ್ಲ" ಎಂದ.

"ಬಣ್ಣ ಸರಿಯಿಲ್ವಾ? ಬಣ್ಣ ಎರಚೋ ಗನ್ನಿಗೆ?"

ಅವನ ತುಟಿಯ ಒಂದು ಮೂಲೆ ತುಸು ಮೇಲೆ ಹೋಯಿತು. ಆಮೇಲೆ ಏನೋ ನೆನಪಾದಂತೆ ಮೆಲ್ಲಗೆ ಕೆಳಗಿಳಿಯಿತು. ಆ ಅರ್ಧ ನಗುವನ್ನು ಕಟ್ಟಿಕೊಂಡು ನಾನು ಮನೆಗೆ ಬಂದೆ. ಮಾರನೆಯ ದಿನ ಬರೆದ ಹೆಸರುಗಳೆಲ್ಲ ಇನ್ನಷ್ಟು ಸೊಟ್ಟಗಾದವು.

ನಾನೂ ಅವಸರ ಮಾಡಲಿಲ್ಲ. ಗನ್ ಸಿಗದಿದ್ದರೆ ಪಂದ್ಯದಲ್ಲಿ ಅಣ್ಣನ ಜಾಗ ಖಾಲಿ. ಸಿಕ್ಕಿಬಿಟ್ಟರೆ ಆ ಗೋದಾಮಿಗೆ ಹೋಗಲು ನನಗೆ ನೆಪವೇ ಇಲ್ಲ. ಯಾವುದು ಹೆಚ್ಚು ನೋವೆಂದು ಎದೆಯನ್ನು ಕೇಳಿದರೆ ಅದು ನಾಚಿಕೆಯಿಂದ ಸುಮ್ಮನಾಗುತ್ತಿತ್ತು.

ಮನೆಯಲ್ಲಿ ಅಮ್ಮ ಅಣ್ಣನ ಫೋನನ್ನು ಇನ್ನೂ ಚಾರ್ಜಿಗೆ ಹಾಕುತ್ತಿದ್ದಳು. ಕೆಲವು ಸಂಜೆ ಅದು ಹೊಡೆದುಕೊಳ್ಳುತ್ತಿತ್ತು. ಪರದೆಯ ಮೇಲೆ ಒಂದೇ ಹೆಸರು: ಸ್ಪ್ಯಾನರ್. ಅಮ್ಮ ಎತ್ತುತ್ತಿರಲಿಲ್ಲ. ಪಕ್ಕದಲ್ಲಿ ಕೂತು ರಿಂಗ್ ನಿಲ್ಲುವವರೆಗೆ ಕೇಳಿಸಿಕೊಳ್ಳುತ್ತಿದ್ದಳು. ನಾನು ಕೈ ಚಾಚಿದರೆ, "ಬೇಡ, ಬಿಡೇ. ಯಾರೋ ಅವನನ್ನ ಇನ್ನೂ ಕರೀತಿದಾರೆ ಅಂತ ಇರ್ಲಿ" ಎನ್ನುತ್ತಿದ್ದಳು.

ಪಂದ್ಯಕ್ಕೆ ಒಂದು ದಿನ ಉಳಿದಾಗ ಅವಳೇ ಅಟ್ಟದಿಂದ ಅಣ್ಣನ ಗನ್ನಿನ ಚೀಲ ಇಳಿಸಿದಳು. ಧೂಳು ಒರೆಸಿ ನನ್ನ ಹೆಗಲಿಗೆ ಹಾಕಿದಳು. "ಹೊಸದು ಯಾಕೆ? ಅವನದ್ದೇ ಒಯ್ಯಿ. ನಿನ್ನವೂ ಅವನ ಕಣ್ಣೇ ಅಲ್ವಾ."

ಚೀಲ ಹೆಗಲನ್ನು ಕೆಳಗೆಳೆಯಿತು. ಭಾರ ಎನ್ನಲು ಬಾಯಿ ಬರಲಿಲ್ಲ.

ಮೋಡ ಕವಿದ ಮಧ್ಯಾಹ್ನ. ಅಂಗಡಿಯ ಹಿಂದಿನ ಅಂಗಳದಲ್ಲಿ ಬಲೆಯೊಳಗೆ ಒಂದು ಹಳೆಯ ಬೆಡ್‌ಶೀಟ್ ತೂಗುಹಾಕಿತ್ತು. ಅದರ ನಡುವೆ ತಟ್ಟೆಯಗಲದ ಕಪ್ಪು ವೃತ್ತ. ಅಣ್ಣನ ಗನ್ ನೋಡಿದ ಕೂಡಲೇ ಸ್ಪ್ಯಾನರ್ ಮುಖ ಬಿಳುಚಿಕೊಂಡಿತು. ಆದರೂ ಗಾಳಿಯ ಸಿಲಿಂಡರ್ ಜೋಡಿಸಿ, ಮೇಲಿನ ಡಬ್ಬಿಗೆ ಬಣ್ಣದ ಗುಂಡು ತುಂಬಿಕೊಟ್ಟ. ಇಬ್ಬರೂ ಮಾಸ್ಕ್ ಹಾಕಿಕೊಂಡೆವು.

ಮೊದಲ ಗುಂಡು ಗೋಡೆಗೆ ಬಿತ್ತು. ಎರಡನೆಯದು ನೀರಿನ ಪೈಪಿಗೆ. ಮೂರನೆಯದು ಅವನ ಪ್ಲಾಸ್ಟಿಕ್ ಕುರ್ಚಿಗೆ ಹೊಡೆದು ಅದನ್ನು ಹಳದಿ ಮಾಡಿತು.

"ಕುರ್ಚಿ ಔಟ್" ಎಂದ ಅವನು ಮೆಲ್ಲಗೆ.

ನಗು ಬರಬೇಕಿತ್ತು. ಬಂದಿದ್ದು ಅಳು. ಮತ್ತೆ ಹೊಡೆದೆ, ಮತ್ತೆ. ಬೆಡ್‌ಶೀಟ್ ಬೆಳ್ಳಗೇ ಉಳಿಯಿತು.

"ಗನ್ ಕೆಟ್ಟಿದೆಯಾ?"

"ಇಲ್ಲ. ಅದು ಸರಿಯಾಗೇ ಇದೆ."

"ಹಾಗಾದ್ರೆ ಕೆಟ್ಟಿರೋದು ನಾನೇ." ಗನ್ನನ್ನು ಮೇಜಿನ ಮೇಲಿಟ್ಟೆ. ತಪ್ಪಿ ಗುಂಡು ಹಾರದಂತೆ ಅವನು ಅದರ ಬಾಯಿಗೆ ಬಟ್ಟೆಯ ಟೊಪ್ಪಿ ತೊಡಿಸಿದ. "ಅಮ್ಮನಿಗೆ ನಾನು ಅಣ್ಣನ ಜಾಗದಲ್ಲಿ ನಿಲ್ಲಬೇಕು. ಅವನ ಗನ್, ಅವನ ಕಣ್ಣು. ಎಲ್ರೂ ಅದನ್ನೇ ಹೇಳೋದು. ಅದಕ್ಕೇ ಅಲ್ವಾ ನೀವು ನನ್ನ ಮುಖ ನೋಡದೇ ಇರೋದು?"

ಮಾಸ್ಕಿನ ಹಿಂದೆ ಅವನ ಮುಖ ಕಾಣುತ್ತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು.

"ಹೌದು" ಎಂದ.

ಅಷ್ಟು ನೇರವಾಗಿ ಹೇಳುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಹೊರಡಲು ತಿರುಗಿದೆ.

"ಒಂದ್ನಿಮಿಷ. ಗುರಿ ಇಡುವಾಗ ತಲೆ ಯಾಕೆ ಓರೆ ಮಾಡ್ತೀರಿ?"

"ನಾನು ಯಾವಾಗ್ಲೂ ಹಾಗೇ. ಕೇಕ್ ಮೇಲೆ ಬರೆಯುವಾಗ್ಲೂ. ಸೊಟ್ಟಿ ಅಲ್ವಾ?"

ಅವನು ತನ್ನ ಮಾಸ್ಕ್ ತೆಗೆದ.

"ಮಾಸ್ಕ್ ತೆಗೀರಿ. ಎರಡೂ ಕೈ ಮುಂದೆ ಚಾಚಿ. ಬೆರಳು ಸೇರಿಸಿ ನಡುವೆ ಒಂದು ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆಗೆದು, ಆ ಕಿಂಡಿಯಿಂದ ನನ್ನ ಮೂಗು ನೋಡಿ."

"ನಿಮ್ಮ ಮೂಗೇ ಯಾಕೆ? ಅಷ್ಟೇನೂ ಚೆನ್ನಾಗಿಲ್ಲ."

"ಇರೋದು ಇದೊಂದೇ." ಅವನು ನಗಲಿಲ್ಲ. "ಎರಡು ಕಣ್ಣಲ್ಲಿ ಗುರಿ ಹಿಡಿಯೋದು ಒಂದೇ ಕಣ್ಣು. ಅದು ಯಾವುದು ಅಂತ ಎದುರಿಗೆ ನಿಂತವನಿಗೆ ಕಿಂಡಿಯಲ್ಲಿ ಕಾಣುತ್ತೆ."

ಕಾಣಬೇಕಾದರೆ ಅವನು ನನ್ನನ್ನು ನೋಡಬೇಕಿತ್ತು.

ನೋಡಿದ. ಮೊದಲು ನನ್ನ ಕೈಗಳನ್ನು, ಉಗುರಿನ ಸಂದಿಯಲ್ಲಿ ಉಳಿದಿದ್ದ ಗುಲಾಬಿ ಬಣ್ಣವನ್ನು. ಆಮೇಲೆ, ಬಿಸಿ ನೀರಿಗೆ ಕಾಲಿಡುವವನ ಹಾಗೆ ಹೆದರಿ ಹೆದರಿ, ಬೆರಳುಗಳ ನಡುವಿನ ಕಿಂಡಿಗೆ ಬಂದ. ನನ್ನ ನೋಟ ಅವನ ಮೂಗನ್ನು ಬಿಟ್ಟು ಎಷ್ಟು ಹೊತ್ತಾಗಿತ್ತೋ! ಎಡ ಹುಬ್ಬಿನ ಕೆಳಗೆ ಒರೆಸದ ಎಣ್ಣೆಯ ಒಂದು ಗೆರೆ. ರೆಪ್ಪೆಗಳು ಒದ್ದೆ. ಒಂದು ವರ್ಷ ತಪ್ಪಿಸಿಕೊಂಡು ತಿರುಗಿದ ನೋಟ ಕೊನೆಗೆ ಬಂದು ನನ್ನಲ್ಲಿ ನಿಂತಿತು, ನಿಂತೇ ಇತ್ತು.

"ಎಡಗಣ್ಣು" ಎಂದ, ಉಸಿರಿನಷ್ಟು ಮೆಲ್ಲಗೆ.

"ಅಂದ್ರೆ?"

"ಬಲ ಹೆಗಲಿಗೆ ಗನ್ ಇಟ್ಟು ಎಡಗಣ್ಣಲ್ಲಿ ಗುರಿ ನೋಡ್ತಿದೀರಿ. ತಲೆ ಸೊಟ್ಟ ಆಗದೆ ಇನ್ನೇನಾಗುತ್ತೆ? ಅವನದ್ದು ಬಲಗಣ್ಣು. ಆ ಗನ್ನು ಪೂರ್ತಿ ಅದಕ್ಕೇ ಕೂರಿಸಿರೋದು, ನಾನೇ ಕೂರಿಸಿದ್ದು. ನಿಮ್ಮ ಕಣ್ಣು ಅವನದಲ್ಲ. ಒಂಚೂರೂ ಅಲ್ಲ. ನಾನು ಇಷ್ಟು ದಿನ ಯಾರನ್ನ ನೋಡೋಕೆ ಹೆದರ್ತಿದ್ದೆ?"

ನಾನು ಕೈ ಇಳಿಸಲಿಲ್ಲ. ಕಿಂಡಿ ಮುಚ್ಚಿದರೆ ಅವನು ಮತ್ತೆ ತಪ್ಪಿಸಿಕೊಂಡಾನೆಂಬ ಭಯ.

"ಆಸ್ಪತ್ರೆಯಲ್ಲಿ ಅವನು ನನ್ನಿಂದ ಒಂದು ಮಾತು ತಗೊಂಡ" ಎಂದ. "'ಸೊಟ್ಟಿ ಯಾವತ್ತಾದ್ರೂ ಆಡ್ತೀನಿ ಅಂದ್ರೆ ನನ್ನ ಗನ್ ಕೊಡಬೇಡ ಕಣೋ, ಅವಳದ್ದೇ ಒಂದು ಆರಿಸಿಕೊಡು' ಅಂದ. ಜಿಪುಣ, ಸಾಯೋವಾಗ್ಲೂ ಗನ್ ಮೇಲೆ ಆಸೆ ನೋಡು ಅಂದ್ಕೊಂಡಿದ್ದೆ. ಅವನಿಗೆ ಗೊತ್ತಿತ್ತು."

"ಹಾಗಾದ್ರೆ ಆರಿಸಿ."

ಅವನು ಅಲುಗಲಿಲ್ಲ. ಹೊರಗೆ ಮೈದಾನದಲ್ಲಿ ಯಾರೋ ಸೀಟಿ ಊದಿ ಸುಮ್ಮನಾದರು.

"ಅವನು ನನಗೆ ಹೇಳಿದ ಕೊನೇ ಕೆಲಸ ಇದು. ಇದನ್ನೂ ಮುಗಿಸಿಬಿಟ್ರೆ ಅವನ ಹತ್ರ ನನಗೆ ಇನ್ನೇನೂ ಬಾಕಿ ಇರಲ್ಲ. ಈಗ ಒಂದೊಂದು ಸಂಜೆ ಫೋನ್ ಮಾಡ್ತೀನಿ. ಇನ್ನೂ ಆರಿಸಿಲ್ಲ ಕಣೋ ಅಂತ ಹೇಳೋಕೆ. ಯಾರೂ ಎತ್ತಲ್ಲ ಅಂತ ಗೊತ್ತು. ರಿಂಗ್ ಆಗುತ್ತಲ್ಲ, ಅಷ್ಟು ಸಾಕು."

"ಅಮ್ಮ ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಾಳೆ" ಎಂದೆ. "ಕೊನೇ ರಿಂಗ್‌ವರೆಗೂ."

ಅವನು ಮುಖ ಮುಚ್ಚಿಕೊಂಡ. ಎಣ್ಣೆಯ ಗೆರೆ ಕೆನ್ನೆಗೂ ಹರಡಿತು. ನನ್ನ ದುಪಟ್ಟಾದ ತುದಿಯಿಂದ ಒರೆಸಿದೆ. ಹೋಗಲಿಲ್ಲ, ಇನ್ನಷ್ಟು ಹರಡಿತು.

"ನಾನೂ ಬೇಕಂತಲೇ ತಡ ಮಾಡಿದೆ" ಎಂದೆ. "ಗನ್ ಸಿಕ್ಕಿಬಿಟ್ರೆ ನಾಳೆಯಿಂದ ಇಲ್ಲಿಗೆ ಏನು ನೆಪ ಹೇಳ್ಕೊಂಡು ಬರ್ಲಿ?"

ಅವನು ತಲೆಯೆತ್ತಿದ. ಈ ಸಲ ಕಿಂಡಿ ಬೇಕಾಗಲಿಲ್ಲ.

"ಗನ್ ತಗೊಂಡೋರು ಸರ್ವಿಸ್‌ಗೆ ಬರ್ತಾರೆ."

"ಕೆಡದೇ ಇದ್ರೆ?"

"ಒಂದು ಸ್ಕ್ರೂ ಸಡಿಲ ಬಿಟ್ಟಿರ್ತೀನಿ."

"ಎಷ್ಟು ಸಡಿಲ?"

"ದಿನಾ ಬರೋವಷ್ಟು."

ಆಮೇಲೆ ಅವನು ಸ್ಟೂಲ್ ಹತ್ತಿ ಎಲ್ಲಕ್ಕಿಂತ ಮೇಲಿನ ಹಲಗೆಯಿಂದ ಒಂದು ಗನ್ ಇಳಿಸಿದ. ಸಾದಾ ಗನ್, ಹಗುರ, ಬ್ಯಾಟರಿ ಇಲ್ಲ. ಗುಂಡಿನ ಡಬ್ಬಿ ಎಡಕ್ಕೆ ವಾಲಿಕೊಂಡಿತ್ತು. ಎಡ ಹೆಗಲಿನವರಿಗೆಂದು ಮಾಡಿದ್ದು. ಬಲಗಡೆಯವರು ಹಿಡಿದರೆ ಡಬ್ಬಿ ಕಣ್ಣಿಗೆ ಅಡ್ಡ ಬರುತ್ತದೆಂದು ಯಾರೂ ಒಯ್ಯದೆ ಉಳಿದಿತ್ತು.

"ಇದೂ ಸೊಟ್ಟ" ಎಂದೆ.

"ಅದಕ್ಕೇ."

ಎಣ್ಣೆ ಹಾಕಿದ, ಗಾಳಿ ತುಂಬಿದ. ಮತ್ತೆ ಮಾಸ್ಕ್ ಹಾಕಿಕೊಂಡೆವು. "ಎಡ ಹೆಗಲಿಗೆ ಇಡಿ. ಈಗ ಕಣ್ಣು ಮುಚ್ಚಿ, ಇಳಿಸಿ. ಕಣ್ಣು ಮುಚ್ಚಿಕೊಂಡೇ ಮತ್ತೆ ಎತ್ತಿ. ನಿಮ್ಮದೇ ಗನ್ ಆದ್ರೆ ಅದು ತಾನಾಗಿ ಜಾಗಕ್ಕೆ ಬಂದು ಕೂರುತ್ತೆ."

ಕತ್ತಲಲ್ಲಿ ಎತ್ತಿದೆ. ಕಣ್ಣು ತೆರೆದಾಗ ನನ್ನ ತಲೆ ನೆಟ್ಟಗಿತ್ತು. ಎದುರಿಗೆ ಕಪ್ಪು ವೃತ್ತ.

ಗುಂಡು ಬಿದ್ದದ್ದು ವೃತ್ತದ ಅಂಚಿಗೆ. ಆದರೂ ಬೆಡ್‌ಶೀಟಿನ ಮೇಲೆ ಹಳದಿ ಬಣ್ಣ ಮೆಲ್ಲಗೆ ಇಳಿಯುವುದನ್ನು ಇಬ್ಬರೂ ಸುಮ್ಮನೆ ನೋಡುತ್ತ ನಿಂತೆವು.

ಅವನು ಗನ್ನಿಗೆ ಟೊಪ್ಪಿ ತೊಡಿಸಿ ತನ್ನ ಕೈಯಲ್ಲೇ ಇಟ್ಟುಕೊಂಡ. ಇನ್ನೊಂದು ಕೈಯಿಂದ ಫೋನ್ ತೆಗೆದು ಅಣ್ಣನ ನಂಬರ್ ಒತ್ತಿದ. ಸ್ಪೀಕರಿನಲ್ಲಿ ರಿಂಗ್ ಆಗುತ್ತಿತ್ತು. ಯಾವತ್ತೂ ಸಂಜೆ ಬರುವ ಕರೆ, ಇವತ್ತು ನಡುಮಧ್ಯಾಹ್ನ. ಗನ್ ಹೊತ್ತು ಹೋದ ಮಗಳಿಗೆ ಏನಾಯಿತೋ ಎಂದು ಅಮ್ಮನ ಎದೆ ಹಾರಿರಬೇಕು.

ರಿಂಗ್ ನಿಂತಿತು. "ಹೇಳಪ್ಪ" ಎಂದಳು ಅಮ್ಮ.

ನಾನು ಅವನ ಮೊಣಕೈ ಹಿಡಿದುಕೊಂಡೆ.

"ಅಮ್ಮ, ಅವನ ಗನ್ ವಾಪಸ್ ಕಳಿಸ್ತೀನಿ. ಅದು ಇವಳಿಗೆ ಆಗಲ್ಲ. ಇವಳ ಕಣ್ಣೇ ಬೇರೆ. ಇವಳಿಗೆ ಅಂತ ಬೇರೆ ಆರಿಸಿದೀನಿ. ಅವನು ಹೇಳಿದ್ದ."

ಆ ಕಡೆ ಅಜ್ಜಿ "ಯಾರೇ ಅದು?" ಎನ್ನುವುದು ದೂರದಲ್ಲಿ ಕೇಳಿಸಿತು. ಆಮೇಲೆ ಅಮ್ಮ, ಅಳು ನುಂಗಿದ ದನಿಯಲ್ಲಿ, "ಭಾರ ಇಲ್ಲ ತಾನೇ?" ಎಂದು ಕೇಳಿದಳು.

ಅವನು ನನ್ನನ್ನು ನೋಡಿದ.

"ಇಲ್ಲಮ್ಮ" ಎಂದ. ಫೋನನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಿಂದ ಗನ್ನನ್ನು ನನ್ನತ್ತ ಚಾಚಿದ. "ತಗೋ. ನಿನ್ನದು."

ನಾನು ಎಡಗೈ ಮುಂದೆ ಮಾಡಿ ತೆಗೆದುಕೊಂಡೆ.